ಗದ್ದುಗೆಯಿಂದ ಇನ್ನೂರು ಅಡಿ

ನಂಜನಗೂಡು
2 ಮಾರ್ಚ್ 2024

ನಾಗ,

ಕ್ಷೇಮ ಎಂದು ಬರೆದು ಶುರು ಮಾಡೋಣ ಎಂದರೆ ಕೈ ಏಳಲಿಲ್ಲ. ಅದಕ್ಕೇ ಬರೀ ಹೆಸರು ಕರೆದಿದ್ದೇನೆ. ಇಪ್ಪತ್ತು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ತೆಗೆಯುತ್ತಿಲ್ಲ. ಮೊನ್ನೆ ತಿ. ನರಸೀಪುರಕ್ಕೇ ಬಂದಿದ್ದೆ. ನಿಮ್ಮ ಬೀದಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಅರ್ಧ ಗಂಟೆ ಕೂತಿದ್ದು ಹಾಗೇ ವಾಪಸ್ ಹೋದೆ. ಐವತ್ತಾರು ವರ್ಷದ ಗಂಡಸು, ಹೈಸ್ಕೂಲಿನಿಂದ ಜೊತೆಗಿದ್ದವನ ಮನೆ ಬಾಗಿಲು ತಟ್ಟಲು ಹೆದರಿದೆ. ಥೂ ನನ್ನ ಜನ್ಮಕ್ಕೆ. ಜವರಮ್ಮ ಹೇಳಿದಳು: "ನಿಮ್ ಸ್ನೇಯ್ತ್ರಿಗೆ ಬಾಯ್ಮಾತು ಹಿಡಿಯಲ್ಲ, ಕಾಗ್ದ ಬರೀರಿ. ಅರ್ದಾಕೋಕ್ ಮುಂಚೆ ಓದೇ ಓದ್ತಾರೆ." ಹೆಂಡತಿಯ ಮಾತು ಕೇಳಿ ಕೂತಿದ್ದೇನೆ.

ನೀನು ನೇರವಾಗಿ ಆಸ್ಪತ್ರೆಗೆ ಬಂದವನು. ಹದಿನಾರು ಗ್ರಾಮದಲ್ಲಿ ಏನಾಯಿತೆಂದು ಊರವರೆಲ್ಲರ ಬಾಯಲ್ಲಿ ಕೇಳಿದ್ದೀಯ, ನನ್ನ ಬಾಯಲ್ಲಿ ಕೇಳಿಲ್ಲ.

ದೊಡ್ಡಸಿದ್ದಯ್ಯನವರ ಮಗನ ಮದುವೆ. ಶಾಮಿಯಾನ, ಅಡುಗೆ, ಹೂವು ಎಲ್ಲ ನನ್ನದೇ. ಜೊತೆಗೆ ಎರಡು ವರ್ಷದಿಂದ ನನಗೆ ಹತ್ತಿದ ಹುಚ್ಚು, ಬೆಂಗಳೂರಿನಿಂದ ಬಾಡಿಗೆಗೆ ಕರೆಸುವ ಹೆಲಿಕಾಪ್ಟರ್. ಮದುಮಗ ಆಕಾಶದಿಂದ ಇಳಿಯಬೇಕು, ಆಮೇಲೆ ಅದೇ ಹೆಲಿಕಾಪ್ಟರ್ ಹೂವಿನ ಎಸಳು ತುಂಬಿಕೊಂಡು ಏರಿ ದಿಬ್ಬಣದ ಮೇಲೆ ಸುರಿಯಬೇಕು. ಇಳಿಯುವ ಜಾಗಕ್ಕೆ ಡೀಸಿ ಆಫೀಸಿನಿಂದ ಅಪ್ಪಣೆ ತಂದಿದ್ದೆ. ಅವರ ಮನೆಯ ಹಿಂದಿನ ಹೊಲ, ಸರ್ವೆ ನಂಬರ್ ಎಂಬತ್ತನಾಲ್ಕು. ಶನಿವಾರ ಸಂಜೆ ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ ಎಳೆದು, ನಡುವೆ ಇಂಗ್ಲಿಷಿನ ಎಚ್ ಬರೆದು ಮುಗಿಸಿದ್ದೆವು.

ಆಗ ದೊಡ್ಡಸಿದ್ದಯ್ಯನವರ ತಾಯಿ ಶಿವನಂಜಮ್ಮ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ಜೀವ. ವೃತ್ತದ ಅಂಚಿನಲ್ಲಿ ನಿಂತು, ಗರಿಕೆ ಮುಚ್ಚಿದ್ದ ಒಂದು ಕಲ್ಲನ್ನು ಕೋಲಿನಿಂದ ಮುಟ್ಟಿ, "ಯಾರಪ್ಪಾ ಇಲ್ಲಿ ಸುಣ್ಣ ಉಯ್ದೋನು? ನಮ್ಮೆಜಮಾನ್ರು ಕುಂತವ್ರೆ ಇಲ್ಲಿ. ಅವ್ರ್ ತಲೆ ಮ್ಯಾಲೆ ಗಾಳಿ ಎಬ್ಬಿಸಿ ಮಣ್ಣ್ ಆರಿಸ್ತೀರಾ?" ಎಂದರು. ಅವರ ಯಜಮಾನರ ಗದ್ದುಗೆ ಅದು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡುವುದು ನಿನಗೆ ಗೊತ್ತಲ್ಲ. ನಲವತ್ತು ವರ್ಷವಾಗಿ ಕಟ್ಟೆ ಕುಸಿದು ಒಂದು ಕಲ್ಲು ಉಳಿದಿತ್ತು. ಮಗನಿಗೇ ಮರೆತುಹೋಗಿತ್ತು, ಅವರಿಗೆ ಮರೆತಿರಲಿಲ್ಲ. ದೊಡ್ಡಸಿದ್ದಯ್ಯ ತಲೆ ತಗ್ಗಿಸಿ ನಿಂತುಬಿಟ್ಟರು. ನಾನೇನು ವಾದ ಮಾಡಲಿ? ನಮ್ಮ ತಾತನೂ ನಮ್ಮ ಹೊಲದಲ್ಲೇ ಕೂತಿದ್ದಾನೆ.

ಬದುವಿನ ಆಚೆ ಅವರದೇ ಇನ್ನೊಂದು ಹೊಲ, ಎಂಬತ್ತಾರು. ಗದ್ದುಗೆಯಿಂದ ಇನ್ನೂರು ಅಡಿ. ಅಲ್ಲಿ ಹೊಸದಾಗಿ ವೃತ್ತ ಎಳೆಸಿದೆ. ಪಕ್ಕದಲ್ಲಿ ದನದ ಕೊಟ್ಟಿಗೆ, ಮೇಲೆ ಜಿಂಕ್ ಶೀಟು. ಶೀಟಿನ ಮೇಲೆ ಕಲ್ಲು ಹೇರಿಸಿದೆ. ಕೈತುಂಬ ಸುಣ್ಣ ಮೆತ್ತಿಕೊಂಡೇ ತಿಳಿಸಬೇಕಾದವರಿಗೆ ಫೋನಿನಲ್ಲಿ ತಿಳಿಸಿ ಮನೆಗೆ ಬಂದು ಮಲಗಿದೆ.

ಮಾರನೇ ದಿನ ಮೊದಲ ಸಲ ಇಳಿದಾಗ ಏನೂ ಆಗಲಿಲ್ಲ. ಎಸಳು ಸುರಿದು ಎರಡನೇ ಸಲ ಇಳಿಯುವಾಗ ಗಾಳಿ ತಿರುಗಿತ್ತು, ಪೈಲಟ್ ಕೊಟ್ಟಿಗೆಯ ಕಡೆಯಿಂದ ಬಂದ. ಮುಂದಿನ ಸುತ್ತಿನ ಎಸಳಿನ ಬುಟ್ಟಿಗಳಿಗೆ ಟಾರ್ಪಾಲು ಹೊದಿಸಿದ್ದೆವು, ಅದು ಹಾರಲು ಶುರುವಾಯಿತು. ಉಳಿದ ಹೆಂಗಸರು ದೂರ ಓಡಿದರು. ಹೂವು ಬಿಡಿಸಲು ಬನ್ನೂರಿನಿಂದ ಬಂದಿದ್ದ ನಿನ್ನ ತಂಗಿ ಚಲುವಮ್ಮ ಮಾತ್ರ ಟಾರ್ಪಾಲಿನ ಮೇಲೆ ಕೂತು ಅದನ್ನು ಹಿಡಿದುಕೊಂಡಳು. "ಊವ ಓಯ್ತದೆ ಕಣಣ್ಣೋ" ಎಂದು ಕೂಗಿದ್ದು ಆ ಸದ್ದಿನಲ್ಲೂ ನನಗೆ ಕೇಳಿಸಿತು. ಆಮೇಲೆ ಕಲ್ಲಿನ ಸಮೇತ ಶೀಟು ಎದ್ದು ಬಂತು.

ಅವಳ ಕಾಲು ಉಳಿಸುತ್ತಾರಂತೆ ಎಂದು ಯಾರೋ ಹೇಳಿದರು. ನಿಜವೇನೋ? ಒಂದು ಸಾಲು ಬರೆ. ನನಗೆ ಬೈಯುವುದಿದ್ದರೆ ಹತ್ತು ಸಾಲು ಬರೆ. ನೀನು ಹಟ ಹಿಡಿದು ಮಾಡಿಸಿದ ಪಾಲಿಸಿ ಇದೆಯಲ್ಲ, ಅದರಿಂದ ಅವಳಿಗೆ ಬರಬೇಕಾದ ಪರಿಹಾರ ಬೇಗ ಬರುವ ಹಾಗೆ ನೋಡು. ಅದು ಬಂದರೆ ನಾನು ಕಣ್ಣು ಮುಚ್ಚಿ ನಿದ್ದೆ ಮಾಡಿಯೇನು.

ನಿನ್ನ
ಬೆಟ್ಟಸ್ವಾಮಿ



ತಿ. ನರಸೀಪುರ
19 ಮಾರ್ಚ್ 2024

ಶ್ರೀ ಬೆಟ್ಟಸ್ವಾಮಿಯವರಿಗೆ,

ನಿಮ್ಮ ಪತ್ರ ತಲುಪಿತು. ಕಾಲು ಉಳಿಯಲಿಲ್ಲ. ಫೆಬ್ರವರಿ 27ರಂದು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಉಳಿಸುತ್ತಾರೆಂದು ನಿಮಗೆ ಹೇಳಿದವರು ಯಾರೆಂದು ನನಗೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ.

ಪಾಲಿಸಿಯ ಬಗ್ಗೆ ಕೇಳಿದ್ದೀರಿ. ನಿಮ್ಮ ನಂಜನಗೂಡು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ವಿವರಿಸಿದ್ದು ನೆನಪಿರಬಹುದು. ಹೆಲಿಕಾಪ್ಟರಿನ ಒಡೆಯರು ಮಾಡಿಸಿರುವ ವಿಮೆ ಒಡೆಯರನ್ನು ಕಾಯುತ್ತದೆ. ಅದನ್ನು ಬಾಡಿಗೆಗೆ ಕರೆಸಿ ಜನರ ನಡುವೆ ಇಳಿಸುವ ನಿಮ್ಮಂಥವರನ್ನು ಕಾಯುವುದಿಲ್ಲ. ನಿಮ್ಮಿಂದ ಮೂರನೆಯವರಿಗೆ ಏನಾದರೂ ಆದರೆ ಆ ಹೊಣೆ ಹೊರಲು ನಿಮ್ಮದೇ ಒಂದು ಪಾಲಿಸಿ ಬೇಕು ಎಂದಿದ್ದೆ. "ಅಯ್ಯೋ, ಅದೇನ್ ನಾವ್ ಓಡ್ಸ್ತೀವೇನಲಾ?" ಎಂದು ನೀವು ನಕ್ಕಿದ್ದಿರಿ. ಅಂಥ ಪಾಲಿಸಿಯನ್ನು ಮೈಸೂರಿನ ಕಚೇರಿಯವರೇ ಕಂಡಿರಲಿಲ್ಲ, ಬೆಂಗಳೂರಿಗೆ ಬರೆದು ತರಿಸಿದೆ. ಹೂವು ಬಿಡಿಸುವ ಕೂಲಿಯವರನ್ನೂ ಅದರಲ್ಲಿ ಸೇರಿಸಿದವನು ನಾನೇ.

ಅದರಲ್ಲಿ ಒಂದು ಷರತ್ತಿದೆ. ಪ್ರತಿ ಹಾರಾಟಕ್ಕೂ ಇಳಿಯುವ ಜಾಗದ ಸರ್ವೆ ನಂಬರನ್ನು ಮುಂಚೆಯೇ ತಿಳಿಸಿರಬೇಕು. ಜಾಗ ಬದಲಾದರೆ, ಇಳಿಯುವ ಮೊದಲು ಆ ಬದಲಾವಣೆಯನ್ನು ತಿಳಿಸಬೇಕು. ಕಂಪನಿಯ ಬಳಿ ಇರುವ ಕಾಗದದಲ್ಲಿ ಎಂಬತ್ತನಾಲ್ಕು ಎಂದಿದೆ. ಇಳಿದದ್ದು ಎಂಬತ್ತಾರರಲ್ಲಿ. ಮುಂದಿನದನ್ನು ಕಂಪನಿ ನಿರ್ಧರಿಸುತ್ತದೆ.

ಚಲುವಮ್ಮ ಈಗ ನಮ್ಮ ಮನೆಯಲ್ಲಿದ್ದಾಳೆ. ಅವಳ ಮಗಳು ರೋಜಾ ಕಾಲೇಜಿಗೆ ರಜೆ ಹಾಕಿ ಜೊತೆಗಿದ್ದಾಳೆ. ತನಿಖೆ ನಡೆಯುವಾಗ ಎರಡು ಕಡೆಯವರು ಭೇಟಿಯಾಗುವುದು ಸರಿಯಲ್ಲ. ಆದ್ದರಿಂದ ನೀವಾಗಲಿ ನಿಮ್ಮ ಮನೆಯವರಾಗಲಿ ಅವಳನ್ನು ನೋಡಲು ಬರಬೇಡಿ. ಹೇಳುವುದಿದ್ದರೆ ನನಗೆ ಬರೆದು ತಿಳಿಸಿ.

ಇಂತಿ,
ಎಂ. ನಾಗಯ್ಯ
ವಿಮಾ ಪ್ರತಿನಿಧಿ



ನಂಜನಗೂಡು
21 ಏಪ್ರಿಲ್ 2024

ನಾಗ,

ನೀನು ನನ್ನನ್ನು "ಶ್ರೀ" ಅಂದದ್ದು ಇದೇ ಮೊದಲು. ಜವರಮ್ಮನಿಗೆ ಓದಿ ಹೇಳಿದೆ, ಅವಳು ಎದ್ದು ಒಳಗೆ ಹೋದಳು. ನಾನಂತೂ ನಾಗ ಅಂತಲೇ ಬರೆಯುತ್ತೇನೆ, ಸಹಿಸಿಕೋ.

ಕಾಲಿನ ಸುದ್ದಿ ಓದಿದ ದಿನ ಅಂಗಡಿಗೆ ಹೋಗಲಿಲ್ಲ. ನಮ್ಮ ಗೋಡೌನಿನ ಮುಂದೆ ಮದುವೆಯ ಕುರ್ಚಿಗಳನ್ನು ತೊಳೆದು ಒಣಗಿಸಿದ್ದರು, ಅದರಲ್ಲೊಂದರ ಮೇಲೆ ಸಂಜೆಯ ತನಕ ಕೂತಿದ್ದೆ. ಅವಳು ಬೇಗ ನಡೆಯುತ್ತಿದ್ದಳಲ್ಲೋ. ಬನ್ನೂರು ಬಸ್ಸಿನಿಂದ ಇಳಿದರೆ ಉಳಿದ ಹೆಂಗಸರಿಗಿಂತ ಹತ್ತು ಮಾರು ಮುಂದೆ ಇರುತ್ತಿದ್ದಳು. ಬರಬೇಡ ಎಂದಿದ್ದೀಯ, ಬರುವುದಿಲ್ಲ. ಬುಟ್ಟಿಯಲ್ಲಿ ರಸಬಾಳೆ ಕಳಿಸಿದ್ದೇನೆ. ಯಾರು ಕಳಿಸಿದ್ದೆಂದು ಅವಳಿಗೆ ಹೇಳದಿದ್ದರೂ ಪರವಾಗಿಲ್ಲ.

ಹೋದ ವಾರ ಕಂಪನಿಯ ಸರ್ವೇಯರು ಬಂದಿದ್ದರು. ಮದನ್ ಅಂತ, ಚುರುಕಾದ ಮನುಷ್ಯ, ಮಾತು ಕಮ್ಮಿ. ಹೊಲಕ್ಕೆ ಕರೆದುಕೊಂಡು ಹೋದೆ. ಗದ್ದುಗೆಯ ಕಲ್ಲಿನಿಂದ ಎಂಬತ್ತಾರರ ವೃತ್ತದ ತನಕ ಟೇಪು ಹಿಡಿದು ಅಳೆದರು. ಮಳೆ ಬಿದ್ದಿಲ್ಲವಲ್ಲ, ಸುಣ್ಣದ ಗೆರೆ ಇನ್ನೂ ಅಲ್ಲಲ್ಲಿ ಕಾಣುತ್ತಿದೆ. ಶಿವನಂಜಮ್ಮ ಜಗುಲಿಯಲ್ಲಿ ಕೂತಿದ್ದವರು ನನ್ನನ್ನು ಕಂಡು ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತರು. "ನನ್ ಬಾಯಿಂದ ಓಯ್ತಲ್ಲಪ್ಪ ಆ ಮಗೀನ್ ಕಾಲು" ಎನ್ನುತ್ತಾರೆ. ನಿಮ್ಮಿಂದಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.

ಇನ್ನೊಂದು ವಿಷಯ. ಸರ್ವೇಯರು ಬರುವ ಮೊದಲೇ ನನ್ನ ಲಾಯರು ಒಂದು ದಾರಿ ತೋರಿಸಿದ್ದರು. "ವೃತ್ತ ಎಂಬತ್ತನಾಲ್ಕರಲ್ಲೇ ಇತ್ತು, ಪೈಲಟ್ ತಾನೇ ತಪ್ಪಿ ಪಕ್ಕದಲ್ಲಿ ಇಳಿಸ್ದ ಅಂದ್ಬುಡಿ ಸಾ. ಎರಡನೇ ವೃತ್ತ ಇತ್ತು ಅನ್ನೋದಕ್ಕೆ ಫೋಟೋ ಇಲ್ಲ, ಉಳಿದಿರೋ ಗೆರೆ ಅಳಿಸ್ಬುಡಿ" ಎಂದರು. ಹಾಗೆ ಅಂದರೆ ಚಲುವಮ್ಮನಿಗೂ ಬರುತ್ತದೆ, ನಾನೂ ಉಳಿಯುತ್ತೇನೆ. ಆ ಪೈಲಟ್ ನಾನು ತೋರಿಸಿದ ಕಡೆ ಇಳಿದ, ಅಷ್ಟೇ ಅವನು ಮಾಡಿದ್ದು. ಶೀಟು ಬಿದ್ದ ಮೇಲೆ ಅವನೇ ಓಡಿಬಂದು ತನ್ನ ಬೆಲ್ಟು ಬಿಚ್ಚಿ ಅವಳ ತೊಡೆಗೆ ಬಿಗಿದು ರಕ್ತ ನಿಲ್ಲಿಸಿದವನು. ಅವನ ಅನ್ನ ಕಸಿಯಲೇ? ಆಗುವುದಿಲ್ಲ ಎಂದೆ. ಜಾಗ ಬದಲಾಯಿಸಿದ್ದು ನಾನು ಎಂದು ಬರೆದು ಸಹಿ ಹಾಕಿದ್ದೇನೆ. ಇದರಿಂದ ನಿನ್ನ ತಂಗಿಗೆ ಬರುವುದು ತಪ್ಪಿದರೆ ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಶನಿವಾರ ಸಂಜೆ ಯಾರ‍್ಯಾರಿಗೆ ಫೋನ್ ಮಾಡಿದಿರಿ ಎಂದು ಸರ್ವೇಯರು ಕೇಳಿದರು. ಅಡುಗೆಯವರಿಗೆ, ಜನರೇಟರಿನವರಿಗೆ, ಬೆಂಗಳೂರಿನ ಹೆಲಿಕಾಪ್ಟರ್ ಆಫೀಸಿಗೆ ಎಂದೆ. ಅಷ್ಟೇ ಹೇಳಿದೆ.

ಬೆಟ್ಟಸ್ವಾಮಿ



ತಿ. ನರಸೀಪುರ
14 ಜೂನ್ 2024

ಶ್ರೀ ಬೆಟ್ಟಸ್ವಾಮಿಯವರಿಗೆ,

ಕಂಪನಿಯ ಉತ್ತರ ಬಂದಿದೆ. ನಿಮಗೂ ಒಂದು ಪ್ರತಿ ಬಂದಿರುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಹೆಲಿಕಾಪ್ಟರ್ ಇಳಿದ ಜಾಗ ಮೊದಲು ತಿಳಿಸಿದ ಜಾಗವಲ್ಲ. ಬದಲಾವಣೆಯನ್ನು ತಿಳಿಸಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಆದ್ದರಿಂದ ಪರಿಹಾರ ಕೊಡಲಾಗುವುದಿಲ್ಲ." ಮರುಪರಿಶೀಲನೆ ಕೇಳಲು ತೊಂಬತ್ತು ದಿನ ಅವಕಾಶವಿದೆ. ಹೊಸ ದಾಖಲೆ ಇಲ್ಲದೆ ಕೇಳಿ ಪ್ರಯೋಜನವಿಲ್ಲ. ಹೆಲಿಕಾಪ್ಟರಿನವರ ವಿಮಾ ಕಂಪನಿಯೂ, ಗುರುತು ಹಾಕುವ ಹೊಣೆ ನಿಮ್ಮದೆಂದು ಕರಾರಿನಲ್ಲಿದೆ ಎಂದು ಹೇಳಿ ಕೈತೊಳೆದುಕೊಂಡಿದೆ.

ಈ ಉತ್ತರವನ್ನು ಚಲುವಮ್ಮನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು. ದಾಖಲೆ ಇಲ್ಲ ಎಂಬಲ್ಲಿಗೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದಳು. "ಔದಾ?" ಎಂದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು. ಅತ್ತಿದ್ದರೆ ನನಗೆ ಸಮಾಧಾನ ಹೇಳಲು ಬರುತ್ತಿತ್ತು.

ಪೈಲಟ್ಟಿನ ಅನ್ನದ ಬಗ್ಗೆ ನೀವು ತೋರಿಸಿದ ಕಾಳಜಿ ದೊಡ್ಡದು. ಸತ್ತವರ ಬಗ್ಗೆ ನೀವು ತೋರಿಸಿದ ಮರ್ಯಾದೆ ಇನ್ನೂ ದೊಡ್ಡದು. ನಿಮ್ಮವರ ಗದ್ದುಗೆಗೆ ಧೂಳು ಕೂಡ ತಾಕಲಿಲ್ಲ. ನನ್ನ ತಂಗಿಯ ಕಾಲು ಹೋಯಿತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾಳೆ, ಯಾರನ್ನೂ ಕರೆಯುವುದಿಲ್ಲ. ನಲವತ್ತೊಂದು ವರ್ಷ ಅವಳಿಗೆ.

ರಸಬಾಳೆ ಕಳಿಸಬೇಡಿ.

ಎಂ. ನಾಗಯ್ಯ



ನಂಜನಗೂಡು
3 ಜುಲೈ 2024

ನಾಗಯ್ಯ,

ಇದು ಮೂರನೆಯ ಹಾಳೆ. ಮೊದಲಿನ ಎರಡನ್ನು ಬರೆದು ಹರಿದೆ. ಅದರಲ್ಲಿ ಏನಿತ್ತೆಂದು ನಿನಗೆ ಗೊತ್ತು.

"ನಿಮ್ಮವರ ಗದ್ದುಗೆ" ಎಂದೆಯಲ್ಲೋ. ನಲವತ್ತು ವರ್ಷದಲ್ಲಿ ನನ್ನ ನಿನ್ನ ನಡುವೆ ನಿಮ್ಮವರು ನಮ್ಮವರು ಎಂಬ ಮಾತು ಬಂದದ್ದುಂಟೇ? ಬಂದಿತ್ತು, ಗೊತ್ತು. ನಮ್ಮವ್ವ ನಿನಗೆ ಜಗುಲಿಯಲ್ಲೇ ಊಟ ಬಡಿಸುತ್ತಿದ್ದಳು, ನಾನೂ ತಟ್ಟೆ ಎತ್ತಿಕೊಂಡು ಬಂದು ಜಗುಲಿಯಲ್ಲೇ ಕೂರುತ್ತಿದ್ದೆ. ಒಳಕ್ಕೆ ಕರಿ ಎಂದು ಅವಳ ಜೊತೆ ಒಂದು ಸಲವಾದರೂ ಜಗಳ ಆಡಬೇಕಿತ್ತು. ಆಡಲಿಲ್ಲ. ಪಕ್ಕದಲ್ಲಿ ಕೂತರೆ ಸಾಕು ಅಂದುಕೊಂಡಿದ್ದೆ. ಅದೊಂದನ್ನು ನೀನು ಮರೆತಿಲ್ಲ ಎಂದರೆ ತಪ್ಪು ನಿನ್ನದಲ್ಲ.

ಆದರೆ ಆ ಶನಿವಾರದ ವಿಷಯದಲ್ಲಿ ನೀನು ಆಡಿದ ಮಾತು ನನ್ನ ಎದೆಗೆ ನಾಟಿತು. ನನ್ನನ್ನು ಏನು ಬೇಕಾದರೂ ಅನ್ನು, ನಾಗ. ಬೆಟ್ಟ ಗುಡ್ಡದ ಹಾಗೆ ಕೂತಿರುತ್ತಾನೆ ಅಂತ ಹಿಂದೆಲ್ಲ ತಮಾಷೆ ಮಾಡುತ್ತಿದ್ದೆಯಲ್ಲ, ಹಾಗೇ ಕೂತಿರುತ್ತೇನೆ. ಶನಿವಾರ ಸಂಜೆ ಆರೂಕಾಲಿಗೆ ನನ್ನ ನಿನ್ನ ನಡುವೆ ಏನು ಮಾತಾಯಿತು ಎಂಬುದು ನನ್ನ ಬಾಯಿಂದ ಯಾರ ಮುಂದೆಯೂ ಹೊರಗೆ ಬರುವುದಿಲ್ಲ. ಸರ್ವೇಯರ ಮುಂದೆ ಬಂದಿಲ್ಲ, ಲಾಯರ ಮುಂದೆ ಬಂದಿಲ್ಲ, ಜವರಮ್ಮನ ಮುಂದೆಯೂ ಬಂದಿಲ್ಲ. ನಿನ್ನ ಏಜೆನ್ಸಿಯಲ್ಲಿ ಎರಡು ಮನೆ ನಡೆಯುತ್ತಿದೆ, ನಿನ್ನದು ಮತ್ತು ಈಗ ಅವಳದು. ಅದನ್ನು ಕಳೆದು ಇನ್ನೊಂದನ್ನು ಕೂಡಿಸುವ ಲೆಕ್ಕ ನನಗೆ ಬರುವುದಿಲ್ಲ.

ಹೆಲಿಕಾಪ್ಟರ್ ವ್ಯವಹಾರ ಬಿಟ್ಟೆ. ತಾಂಡವಪುರದ ರಸ್ತೆಯಲ್ಲಿರುವ ಗೋಡೌನನ್ನು ಮಾರಲು ಇಟ್ಟಿದ್ದೇನೆ. ಅಮೃತೇಶ ಮುಖ ಊದಿಸಿಕೊಂಡಿದ್ದಾನೆ. "ಅಪ್ಪ, ನಂಗೇನ್ ಉಳಿಸ್ತೀಯ?" ಎಂದ. "ತಲೆ ಎತ್ಕಂಡ್ ಓಡಾಡೋದ್ನ ಉಳಿಸ್ತೀನಿ ಕಣಪ್ಪ" ಎಂದೆ. ಮಗನ ಮುಂದೆ ದೊಡ್ಡದಾಗಿ ಮಾತಾಡಿಬಿಟ್ಟೆ, ಆಮೇಲೆ ಅವನ ಮುಖ ನೋಡಲು ನನಗೇ ನಾಚಿಕೆಯಾಯಿತು. ಗೋಡೌನು ಹೋದರೆ ಅವಳ ಕೃತಕ ಕಾಲಿಗೂ ಒಂದೆರಡು ವರ್ಷದ ಬದುಕಿಗೂ ಆದೀತು. ಪಾಲಿಸಿಯಿಂದ ಬರಬೇಕಿದ್ದಷ್ಟು ಆಗುವುದಿಲ್ಲ. ರೋಜಾಳ ಓದಿಗೆ, ಅವಳ ಮುಂದಿನ ಇಪ್ಪತ್ತು ಮೂವತ್ತು ವರ್ಷಕ್ಕೆ ಎಲ್ಲಿಂದ ತರಲಿ ಎಂದು ಗೊತ್ತಿಲ್ಲ.

ಬೆಟ್ಟಸ್ವಾಮಿ



ತಿ. ನರಸೀಪುರ
5 ಸೆಪ್ಟೆಂಬರ್ 2024

ಬೆಟ್ಟ,

ಇದನ್ನು ನಿಂತು ಓದಬೇಡ. ಎಲ್ಲಾದರೂ ಕೂತುಕೋ.

ಫೆಬ್ರವರಿ ಹತ್ತು, ಶನಿವಾರ, ಸಂಜೆ ಆರೂಕಾಲು. ನೀನು ಫೋನ್ ಮಾಡಿ, "ನಾಗ, ಜಾಗ ವಸಿ ಬದ್ಲಾಯ್ತು ಕಣ್ಲಾ. ಎಂಬತ್ನಾಕ್ರಲ್ಲಿ ಮದುಮಗನ್ ತಾತನ್ ಗದ್ದುಗೆ ಅದೆ. ಎಂಬತ್ತಾರ್ಕೆ ಆಕಿವ್ನಿ. ತೊಂದ್ರೆ ಇಲ್ವಾ?" ಎಂದೆ. ನಾನು, "ಇನ್ನೂರಡಿ ತಾನೇ, ಬುಡು. ನಾನೇ ಬರ್ದು ಕಳಿಸ್ತೀನಿ" ಎಂದೆ. ಒಂದು ನಿಮಿಷದ ಮಾತು. ನನ್ನ ಫೋನಿನ ಪಟ್ಟಿಯಲ್ಲಿ ಇನ್ನೂ ಇದೆ. ಅಳಿಸೋಣ ಎಂದು ಎಷ್ಟೋ ಸಲ ತೆಗೆದು ನೋಡಿದ್ದೇನೆ.

ಬರೆದು ಕಳಿಸಲಿಲ್ಲ. ಜನ್ಮವಿಡೀ ಕಂಡಕಂಡವರಿಗೆ "ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ" ಎಂದು ಪಾಠ ಹೇಳಿದವನು ನಾನು. ಮನೆಗೆ ನೆಂಟರು ಬಂದಿದ್ದರು, ಆಫೀಸು ಮುಚ್ಚಿತ್ತು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎಲ್ಲ ಸುಳ್ಳು. ಇಮೇಲಿಗೆ ಎರಡು ನಿಮಿಷ ಸಾಕಿತ್ತು, ಮೊಬೈಲು ಕೈಯಲ್ಲೇ ಇತ್ತು.

ನಿಜ ಹೇಳಿಬಿಡುತ್ತೇನೆ. ನೀನು ಗದ್ದುಗೆ ಎಂದಾಗ ನನಗೆ ಹೊಟ್ಟೆಯೊಳಗೆ ಉರಿಯಿತು. ನಮ್ಮಪ್ಪ ಮರಿಯಯ್ಯ ಸತ್ತಾಗ ನಮ್ಮ ಸ್ಮಶಾನದ ದಾರಿಗೆ ಬೇಲಿ ಹಾಕಿದ್ದರು. ಹೆಣ ಇಟ್ಟುಕೊಂಡು ತಹಸೀಲ್ದಾರರು ಬರುವ ತನಕ ಬಿಸಿಲಲ್ಲಿ ನಿಂತಿದ್ದೆವು. ನೀನೂ ನಮ್ಮ ಜೊತೆ ನಿಂತಿದ್ದೆ, ಚಟ್ಟಕ್ಕೆ ಹೆಗಲೂ ಕೊಟ್ಟೆ. ಅದೆಲ್ಲ ಗೊತ್ತಿದ್ದೂ ಆ ಸಂಜೆ ನನಗೆ ಅನಿಸಿದ್ದು ಒಂದೇ: ಒಬ್ಬರ ಗೋರಿಗೆ ಗಾಳಿ ಸೋಕಬಾರದೆಂದು ಹೆಲಿಕಾಪ್ಟರನ್ನೇ ಸರಿಸುತ್ತಾರೆ, ಇನ್ನೊಬ್ಬರಿಗೆ ಹೂಳಲು ದಾರಿ ಬಿಡುವುದಿಲ್ಲ. ಸಿಟ್ಟಿಗೆ ಫೋನನ್ನು ಮೇಜಿನ ಮೇಲೆ ಎಸೆದು ಎದ್ದುಹೋದೆ. ಸಿಟ್ಟು ಇಳಿಯುವಷ್ಟರಲ್ಲಿ ಬರೆಯುವುದು ಮರೆತಿತ್ತು. ಆ ಮುದುಕಿಯದು ತಪ್ಪಿಲ್ಲ. ಗಂಡ ಎಲ್ಲಿ ಕೂತಿದ್ದಾನೆಂದು ನೆನಪಿಟ್ಟುಕೊಂಡಿದ್ದಳು. ನಿನ್ನದೂ ತಪ್ಪಿಲ್ಲ, ನೀನು ತಿಳಿಸಬೇಕಾದವನಿಗೆ ತಿಳಿಸಿದ್ದೆ.

ಆ ಷರತ್ತನ್ನು ನಿನಗೆ ಬರೆದಾಗ ಪೂರ್ತಿ ಬರೆಯಲಿಲ್ಲ. "ಬದಲಾವಣೆಯನ್ನು ಕಂಪನಿಗೆ ಅಥವಾ ಅದರ ಪ್ರತಿನಿಧಿಗೆ ತಿಳಿಸಬೇಕು" ಎಂದಿದೆ. ಪ್ರತಿನಿಧಿ ನಾನೇ. ನನಗೆ ತಿಳಿಸಿದರೆ ಕಂಪನಿಗೆ ತಿಳಿಸಿದಂತೆ. ನಾನು ಒಂದು ಮಾತು ಒಪ್ಪಿಕೊಂಡಿದ್ದರೆ ಏಪ್ರಿಲ್ಲಿನಲ್ಲೇ ಅವಳಿಗೆ ಪರಿಹಾರ ಬರುತ್ತಿತ್ತು, ನನ್ನ ಏಜೆನ್ಸಿ ಹೋಗುತ್ತಿತ್ತು. ನೀನು ಸರ್ವೇಯರ ಮುಂದೆ ನನ್ನ ಹೆಸರು ಬಿಟ್ಟೆ ಎಂದು ಓದಿದಾಗ ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಗೆ ಏನು ಹೆಸರಿಡಲಿ? ಅದಾದ ಮೇಲೆ ನಿನಗೇ ಬೈದು ಬರೆದೆ.

ಅವಳ "ಔದಾ?" ನನ್ನನ್ನು ಬಿಡುತ್ತಿಲ್ಲ. ದಿನಾ ಬೆಳಗ್ಗೆ, ಶಿಬಿರದಲ್ಲಿ ಪುಕ್ಕಟೆ ಕೊಟ್ಟ ಕೃತಕ ಕಾಲಿನ ಪಟ್ಟಿ ಬಿಗಿದುಕೊಂಡು ಅಂಗಳದಲ್ಲಿ ಹೆಜ್ಜೆ ಹಾಕುತ್ತಾಳೆ. ನಾನು ಕೈ ಕೊಡಲು ಹೋದರೆ ಬೇಡ ಎನ್ನುತ್ತಾಳೆ. ಮೊನ್ನೆ ಬಿದ್ದಳು. ನಾನು ಓಡಿಹೋದೆ. ಕೆಳಗೆ ಕೂತುಕೊಂಡೇ, "ಅಣ್ಣ, ನೀನ್ಯಾಕಣ್ಣ ಅಳ್ತೀಯ, ಬಿದ್ದೋಳು ನಾನು" ಎಂದಳು. ಆವತ್ತೇ ಬರೆಯಲು ಕೂತೆ. ಬರೆದದ್ದರ ನಕಲು ಇದರ ಜೊತೆಗಿದೆ. ಇವತ್ತು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ತೊಂಬತ್ತು ದಿನಕ್ಕೆ ಇನ್ನೂ ಒಂದು ವಾರ ಇದೆ. ಗೋಡೌನು ಮಾರಬೇಡ.

ನಾಗ

(ನಕಲು)
ಕ್ಲೇಮು ವಿಭಾಗದ ಅಧಿಕಾರಿಗಳಿಗೆ,
ದಿನಾಂಕ 10-2-2024ರ ಸಂಜೆ 6.15ಕ್ಕೆ ಪಾಲಿಸಿದಾರರಾದ ಬೆಟ್ಟಸ್ವಾಮಿಯವರು ಇಳಿಯುವ ಜಾಗ ಸರ್ವೆ ನಂ. 84ರಿಂದ 86ಕ್ಕೆ ಬದಲಾಗಿದೆಯೆಂದು ನನಗೆ ದೂರವಾಣಿಯಲ್ಲಿ ತಿಳಿಸಿದರು. ಕಚೇರಿಗೆ ಬರೆದು ಕಳಿಸುತ್ತೇನೆಂದು ನಾನು ಒಪ್ಪಿಕೊಂಡೆ. ಕಳಿಸಲಿಲ್ಲ. ತಪ್ಪು ಪಾಲಿಸಿದಾರರದಲ್ಲ, ನನ್ನದು. ಕರೆಯ ವಿವರ ಲಗತ್ತಿಸಿದೆ. ಗಾಯಗೊಂಡವಳು ನನ್ನ ಒಡಹುಟ್ಟಿದವಳೆಂಬುದನ್ನೂ ತಿಳಿಸುತ್ತಿದ್ದೇನೆ. ಈ ಸಂಬಂಧದಿಂದ ನನ್ನ ಮಾತಿನ ಮೇಲೆ ಅನುಮಾನ ಬಂದರೆ ಕರೆಯ ವಿವರವನ್ನು ಪರಿಶೀಲಿಸಿ.
ಎಂ. ನಾಗಯ್ಯ



ಬನ್ನೂರು
24 ನವೆಂಬರ್ 2024

(ಬೆಟ್ಟಸ್ವಾಮಿ ಮಾಮನವರಿಗೆ ರೋಜಾ ಮಾಡುವ ನಮಸ್ಕಾರ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಿದರೆ ಗೊತ್ತಾಗುತ್ತದೆ ಎಂದು ಹೆದರಿಸಿದ್ದಾಳೆ.)

ಬೆಟ್ಟಣ್ಣ,

ನಾನು ಚಲುವಮ್ಮ. ಕಂಪ್ನಿಯೋರು ಒಪ್ಕಂಡವ್ರಂತೆ. ಮೊನ್ನೆ ಆ ಮದನ್ ಸಾರು ಬಂದು ನನ್ನ ಹೆಬ್ಬೆಟ್ಟು ಒತ್ತುಸ್ಕಂಡ್ ಓದ್ರು. ರೋಜಾ ಕಾಲೇಜ್ಗೆ ಓಗ್ತಾವ್ಳೆ, ನಾನು ನಮ್ಮನೇಗೆ ಬಂದಿವ್ನಿ. ಅಣ್ಣಂದು ಏಜೆನ್ಸಿ ಕಿತ್ತಾಕುದ್ರು. ಈಗ ತಾಲೂಕು ಆಫೀಸ್ ಮುಂದೆ ಒಂದ್ ಸ್ಟೂಲು ಆಕ್ಕಂಡು ಜನಕ್ಕೆ ಅರ್ಜಿ ಬರ್ಕೊಡ್ತಾವ್ನೆ. ಮೊಖ ಮೊದ್ಲಿಗಿಂತ ಈಗ್ಲೇ ವಸಿ ಗೆಲುವಾಗಿ ಅದೆ.

ನೀವಿಬ್ರು ಬರ್ಕಂಡ ಕಾಗ್ದನೆಲ್ಲ, ತಾನ್ ಬರ್ದಿದ್ರ ನಕಲೂ ಸೇರ್ಸಿ, ಅಣ್ಣ ನನ್ ಮುಂದೆ ಇಟ್ಟ. ರೋಜಾ ಕೈಲಿ ಓದುಸ್ಕಂಡೆ. ಆರು ಕಾಗ್ದ ಕಣಣ್ಣ. ಓಗಿದ್ದು ನನ್ ಕಾಲು. ಆ ಆರ್ರಲ್ಲಿ ಒಂದೂ ನಂಗಲ್ಲ. ನೀನು ಬೀದಿ ತಿರುವ್ ತಂಕ ಬಂದು ಓದ್ಯಂತೆ. ಅಣ್ಣ ಬರ್ಬ್ಯಾಡ ಅಂದ್ನಂತೆ, ನೀನು ಬರ್ನಿಲ್ವಂತೆ. ನಾನು ಬ್ಯಾಡ ಅಂದಿದ್ನಾ? ನನ್ನ ಯಾರ್ ಕೇಳುದ್ರಿ? ಬಾಳೆಅಣ್ಣು ತಿನ್ನೋವಾಗ್ಲೇ ಗೊತ್ತಾಯ್ತು ನಿಂದು ಅಂತ. ತಿಂದೆ. ಚೆನ್ನಾಗಿತ್ತು.

ಇನ್ನೊಂದು ಏಳ್ತೀನಿ ಕೇಳು. ಆ ಶನಿವಾರ ಸಂಜೆ ನಿಂಗೆ ಕೈಯೆಲ್ಲ ಸುಣ್ಣ. ಫೋನ ಬುಟ್ಟಿ ಮ್ಯಾಲೆ ಮಡುಗಿ ಜೋರಾಗಿ ಕೇಳೋ ಅಂಗೆ ಮಾಡ್ಕಂಡು ಮಾತಾಡ್ದೆ. ಆ ಬುಟ್ಟಿ ನಂದು. ಆಚೆ ಕಡೆ ನಾನು ಕುಂತ್ಕಂಡು ಚೆಂಡೂವ ಬುಡಿಸ್ತಿದ್ದೆ. ನೀನು ನನ್ ಕಡೆ ನೋಡ್ಲೂ ಇಲ್ಲ. ಅಣ್ಣನ್ ದನಿ ನಂಗೆ ಗೊತ್ತಾಗಲ್ವಾ? "ನಾನೇ ಬರ್ದು ಕಳಿಸ್ತೀನಿ" ಅಂದ. ಅಷ್ಟೂ ಕೇಳುಸ್ಕಂಡೆ.

ಸರ್ವೇಯರು ನಮ್ಮಣ್ಣನ್ ಮನೇಗೆ ಬಂದು ಕೇಳುದ್ರು, ಜಾಗದ್ ಇಸ್ಯ ಏನಾರ ಗೊತ್ತಾಮ್ಮ ಅಂತ. ಅಣ್ಣ ನನ್ನ ಮಂಚದ ತಲೆದೆಸೆಲೇ ನಿಂತಿದ್ದ. ನಂಗೇನ್ ಗೊತ್ತು ಸಾ, ನಾನು ಊವ ಬುಡ್ಸೋಳು ಅಂದೆ. ನೀನು ಅಣ್ಣುಂಗೋಸ್ಕರ ಮುಚ್ಚುಟ್ಟೆ, ನಾನೂ ಅಣ್ಣುಂಗೋಸ್ಕರ ಮುಚ್ಚುಟ್ಟೆ. ಅವ್ನಾಗವ್ನೇ ಏಳ್ಲಿ ಅಂತ ಕಾದೆ. ಕಂಪ್ನಿ ಕಾಗ್ದ ಓದ್ತಾ ದಾಖ್ಲೆ ಇಲ್ಲ ಅಂದ್ನಲ್ಲ, ಆವಾಗ್ಲಾದ್ರೂ ಏಳ್ತಾನೇನೋ ಅಂತ ಮೊಖ ನೋಡ್ದೆ. ಏಳ್ನಿಲ್ಲ. ನಂಗೆ ಕಾಲು ಕತ್ತರುಸ್ದಾಗ್ಲೂ ಅಷ್ಟು ನೋವಾಗಿರ್ನಿಲ್ಲ. ಕೊನೆಗೆ ಏಳುದ. ತಡವಾಯ್ತು, ಆದ್ರೂ ಏಳುದ. ನಾನು ಅಷ್ಟನ್ನೇ ಇಡ್ಕಂಡಿವ್ನಿ.

ಆ ಅಜ್ಜಿ ಅಳ್ತದೆ ಅಂದ್ಯಲ್ಲ. ಅಳ್ಬ್ಯಾಡ ಅಂತ ಏಳು. ಅವ್ರು ಸರ್ಯಾಗೇ ಏಳುದ್ರು. ಊವ ಬುಡ್ಸಕ್ಕೆ ಕಾಲು ಬ್ಯಾಡ ಕಣಣ್ಣ, ಮುಂದಿನ್ ಮದ್ವೆಗೆ ನನ್ನೂ ಕರಿ. ಆಕಾಸ್ದಿಂದ ಸುರ್ಯೋದೇನೂ ಬ್ಯಾಡ. ಕೈಲಿ ಆಕುದ್ರೆ ಸಾಕು.

ಈಗ ಕಾಗ್ದ ಬರೀಬ್ಯಾಡ. ಬಾ. ಅಣ್ಣನ್ನೂ ಕರ್ಕಂಡ್ ಬಾ. ಇಬ್ರೂ ನನ್ ಮುಂದೆ ಕುಂತ್ಕಂಡು, ಆವತ್ತು ಫೋನಲ್ಲಿ ಆಡಿದ್ ಮಾತ ಇನ್ನೊಂದ್ ಸಲ ಆಡ್ಬೇಕು. ಕಂಪ್ನಿಗೆ ಏಳುದ್ರಿ, ನಿಮ್ನಿಮ್ಮಲ್ಲಿ ಏಳ್ಕಂಡ್ರಿ. ನಂಗಿನ್ನೂ ಯಾರೂ ಏಳಿಲ್ಲ.

ಚಲುವಮ್ಮ